ಮೀನಿನ ತೊಟ್ಟಿಗೆ ಹಬ್ಬದ ನೀರು

‘ಹಳೀ ನೀರು’ ಎಂದು ಯಾರಾದರೂ ಮೂಗು ಮುರಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಬೈಲಹೊಂಗಲದ ನಮ್ಮ ಮನೆಯ ಹಿತ್ತಲಲ್ಲಿ, ಮೊದಲು ದನಗಳು ನೀರು ಕುಡಿಯುತ್ತಿದ್ದ ಸಿಮೆಂಟ್ ತೊಟ್ಟಿಯಲ್ಲಿ ನಾನು ಮೀನು ಸಾಕಿದ್ದೇನೆ. ಬೆಳಗಾವಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ, ತೊಡೆಯ ಮೇಲಿಟ್ಟುಕೊಂಡು ತಂದ ಗೋಲ್ಡ್ ಫಿಶ್. ನೇಸರಗಿಯಲ್ಲಿ ಬಸ್ಸು ಹತ್ತಿ ನನ್ನ ಪಕ್ಕ ಕುಳಿತ ಅಜ್ಜಿಯೊಬ್ಬಳು ಚೀಲವನ್ನು ಬೆರಳಿನಿಂದ ಒತ್ತಿ ನೋಡಿ, “ಇಷ್ಟ ಸಣ್ಣಾವು ಸಾರಿಗೆ ಹೆಂಗ ಸಾಲ್ತಾವ ಯವ್ವಾ?” ಎಂದಿದ್ದಳು. ತತ್ತಿಯನ್ನೂ ಹೊಸ್ತಿಲು ದಾಟಿಸದ ಮನೆ ನಮ್ಮದು. ನಾನು ನಕ್ಕುಬಿಟ್ಟಿದ್ದೆ.

ಮೀನಿಗಿಂತ ಅದರ ನೀರನ್ನು ಕಾಯುವುದೇ ದೊಡ್ಡ ಕೆಲಸ. ನಮ್ಮ ನಳದ ನೀರಿಗೆ ಬ್ಲೀಚಿಂಗ್ ಪೌಡರಿನ ವಾಸನೆ. ಅದು ಮೀನಿನ ಕಿವಿರನ್ನು ಸುಡುತ್ತದೆ. ಹಾಗಾಗಿ ನಾನು ನಳದ ನೀರನ್ನು ನೀಲಿ ಬ್ಯಾರಲ್ಲಿನಲ್ಲಿ ತುಂಬಿ, ಬಾಯಿ ತೆರೆದು ಬಿಸಿಲಿಗೆ ಬಿಡುತ್ತೇನೆ. ಎರಡು ಮೂರು ದಿನ ಕಳೆದ ಮೇಲೆ ಒಂದು ಗಾಜಿನ ನಳಿಗೆಯಲ್ಲಿ ಆ ನೀರು ಹಿಡಿದು ಔಷಧಿಯ ಹನಿ ಬಿಡುತ್ತೇನೆ. ಅರಿಷಿಣ ಕದಡಿದಂತೆ ಹಳದಿಯಾದರೆ ಬ್ಲೀಚಿಂಗ್ ಇನ್ನೂ ಇದೆ ಎಂದರ್ಥ. ತಿಳಿಯಾಗಿಯೇ ಉಳಿದರೆ ತೊಟ್ಟಿಯಿಂದ ಎರಡು ಬಕೆಟ್ ತೆಗೆದು, ಬ್ಯಾರಲ್ಲಿನಿಂದ ಎರಡು ಬಕೆಟ್ ಹಾಕುತ್ತೇನೆ. ತೊಟ್ಟಿಯ ಗೋಡೆಯ ಹಸಿರು ಪಾಚಿಯನ್ನು ಪೂರ್ತಿ ಉಜ್ಜುವುದಿಲ್ಲ. ಮೀನಿನ ಹೊಲಸನ್ನು ಕರಗಿಸುವ ಕಣ್ಣಿಗೆ ಕಾಣದ ಜೀವಗಳು ಅದರಲ್ಲೇ ಇರುತ್ತವೆ.

ಇದನ್ನೆಲ್ಲ ಮನೆಯವರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅತ್ತೆ ಹಿತ್ತಲ ಕಟ್ಟೆಯ ಮೇಲೆ ಕುಳಿತು, “ನನ್ನ ಶುಗರ್ ನೋಡಾಕ ಆರು ತಿಂಗಳಿಗೊಮ್ಮಿ, ಮೀನಿಂದು ವಾರಕ್ಕೊಮ್ಮಿ! ಮುಂದಿನ ಜನ್ಮಕ್ಕ ನಾನೂ ಮೀನಾ ಆಗ್ತೇನಿ” ಎನ್ನುತ್ತಿದ್ದರು. ಗಂಡ, “ನಿನ್ನ ಕಾನ್ವೆಂಟ್ ಸಾಲ್ಯಾಗ ಇದನ್ನೂ ಕಲಿಸಿದ್ರೇನು?” ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಓಣಿಯಲ್ಲಿ ನನಗೆ ‘ಭಾಳ ಶಾಂತ ಸೊಸಿ’ ಎಂಬ ಹೆಸರಿದೆ.

ಹೋದ ವರ್ಷದ ದೀಪಾವಳಿಗೆ ನೀರು ತುಂಬುವ ಹಬ್ಬ ಬಂತು. ಅಂದು ಮನೆಯ ಹಂಡೆ, ಕೊಡಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿ, ಹಳೆಯ ನೀರು ಚೆಲ್ಲಿ, ಹೊಸ ನೀರು ತುಂಬಿ, ಹಿಂಡಲಿಕಾಯಿ ಬಳ್ಳಿ ಸುತ್ತಿ ಪೂಜೆ ಮಾಡಬೇಕು. ಪೂಜೆಯಾದ ನೀರನ್ನು ಮರುದಿನ ನಸುಕಿನ ಎಣ್ಣೆ ಸ್ನಾನದವರೆಗೆ ಯಾರೂ ಮುಟ್ಟುವಂತಿಲ್ಲ. ಅದಕ್ಕೆ ನಳದ ನೀರು ನಡೆಯುವುದಿಲ್ಲ, ಓಣಿಯ ಬಾವಿಯದೇ ಆಗಬೇಕು. ನಾನು ಚೆಂಡು ಹೂವು ತರಲು ಪೇಟೆಗೆ ಹೋಗಿದ್ದೆ. ತಿರುಗಿ ಬರುವಾಗ ಸಂಜೆಯಾಗಿತ್ತು. ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು, ಮುಖ ಅರಳಿತ್ತು.

“ಬಾ ಯವ್ವಾ, ನಿನ್ನ ಮೀನಿನ ಮನಿ ನೋಡ ಬಾ. ಬ್ಲೀಚಿಂಗ್ ಹಾಕಿ ತಿಕ್ಕಿಸಿ ಹೊಸಾ ನೀರ ತುಂಬಿಸೇನಿ. ಹಬ್ಬ ಅವಕ್ಕೂ ಬ್ಯಾಡೇನು?”

ಹೂವಿನ ಚೀಲ ಅಲ್ಲೇ ಇಟ್ಟು ಹಿತ್ತಲಿಗೆ ಓಡಿದೆ. ತೊಟ್ಟಿ ಕನ್ನಡಿಯಂತಿತ್ತು, ಒಂದು ಎಳೆ ಪಾಚಿಯೂ ಇಲ್ಲ. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ಎರಡು ಆಗಲೇ ಮಗ್ಗುಲಾಗಿದ್ದವು.

“ಯಾವ ನೀರು ಹಾಕಿಸೀರಿ ಅತ್ತಿ?”

“ನಳದ್ದು. ಈಗ ಬಿಟ್ಟಾರ.”

“ಬ್ಯಾರಲ್ಲಿನ್ಯಾಗಿಂದು ಎಲ್ಲೈತಿ?”

“ಚೆಲ್ಲಿಸಿದ್ನಿ. ಹಳೀ ನೀರ ಹಬ್ಬದ ದಿನ ಮನ್ಯಾಗ ಇಟಗೋತಾರೇನು?”

ಒಳಗಿನಿಂದ ಗಂಡ ಬಂದು ಇಣುಕಿ ನೋಡಿದರು. “ಹಬ್ಬದ ದಿನಾ ಯಾಕ ರಗಳಿ? ಸತ್ತರ ಮತ್ತ ತಂದರಾತು.”

ತಂದರಾತು! ದಿನವೂ ನಾನು ತಟ್ಟೆ ತೊಳೆಯುವ ಸದ್ದಿಗೆ ಮೂಲೆಯಿಂದ ಈಜಿಕೊಂಡು ಬರುತ್ತಿದ್ದ ಜೀವಗಳವು. ಬಚ್ಚಲಿಗೆ ಹೋದೆ. ಹಂಡೆಗೆ, ಸಾಲಾಗಿ ಇಟ್ಟ ಕೊಡಗಳಿಗೆ ಆಗಲೇ ಪೂಜೆಯಾಗಿತ್ತು, ಊದುಬತ್ತಿ ಇನ್ನೂ ಉರಿಯುತ್ತಿತ್ತು. ಒಳಗಿದ್ದುದು ಬಾವಿಯ ನೀರು, ಬ್ಲೀಚಿಂಗ್ ಸೋಕದ್ದು. ಹಂಡೆ ತಾಮ್ರದ್ದು, ತಾಮ್ರ ಮೀನಿಗೆ ವಿಷ, ಅದನ್ನು ಬಿಟ್ಟೆ. ಸ್ಟೀಲಿನ ಕೊಡದ ಬಳ್ಳಿ ಹರಿದು, ಕೊಡ ಎತ್ತಿ ಕಂಕುಳಲ್ಲಿಟ್ಟೆ. ಕುಂಕುಮ ಸೀರೆಗೆ ಮೆತ್ತಿತು.

“ಏ ಏ! ಪೂಜಿ ಆಗೇತಿ! ಮುಟ್ಟಬ್ಯಾಡ!” ಅತ್ತೆ ಕೂಗಿದರು.

“ಹಿಂದಕ್ಕ ಸರೀರಿ!” ಎಂದೆ. ಆ ಮನೆಯಲ್ಲಿ ಅಷ್ಟು ಗಟ್ಟಿಯಾದ ನನ್ನ ದನಿಯನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಬಟ್ಟೆ ನೆನೆಸುವ ಟಬ್ಬಿಗೆ ಕೊಡದ ಮೇಲೆ ಕೊಡ ಸುರಿದೆ. ಚಹಾದ ಜರಡಿಯಿಂದ ಮೀನುಗಳನ್ನು ಒಂದೊಂದಾಗಿ ಎತ್ತಿ ಬಿಟ್ಟೆ. ಗಾಳಿ ಬೆರೆಯಲಿ ಎಂದು ಚರಿಗೆಯಲ್ಲಿ ನೀರು ಮೊಗೆದು ಮೇಲಿನಿಂದ ಹೊಯ್ಯುತ್ತ ಕುಳಿತೆ. ಓಣಿಯಲ್ಲಿ ಪಟಾಕಿ ಸದ್ದು. ಅತ್ತೆ ದೂರದಲ್ಲಿ ನಿಂತು, “ನನಗ ಒಂದ ಮಾತ ಹೇಳಿದ್ರ ನಾ ಕೇಳತಿದ್ದಿಲ್ಲೇನು?” ಎಂದರು.

“ಪ್ರತಿ ವಾರ ಹೇಳೇನ್ರಿ ಅತ್ತಿ. ನೀವು ಪ್ರತಿ ವಾರ ನಕ್ಕೀರಿ.”

ಅವರು ಒಳಗೆ ಹೋದರು. ಅರ್ಧದಷ್ಟು ಮೀನು ಉಳಿದವು. ಸತ್ತವನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂಳಿದೆ. ನಸುಕಿನಲ್ಲಿ ಎಣ್ಣೆ ಹಚ್ಚಿಸಿಕೊಂಡ ಗಂಡ, “ಕೊಡ ಖಾಲಿ ಅದಾವಲ್ಲ?” ಎಂದರು. ನಾನು ಹಂಡೆಯ ಕಡೆ ಕೈ ತೋರಿಸಿದೆ. ಉಳಿದರ್ಧ ಅತ್ತೆಗೆ ಬಿಟ್ಟು, ಅಂದು ಅವರು ಅರ್ಧ ಹಂಡೆ ನೀರಿನಲ್ಲೇ ಸ್ನಾನ ಮುಗಿಸಿದರು.

ಈ ವರ್ಷ ಹಬ್ಬದ ದಿನ ಎಲ್ಲರಿಗಿಂತ ಮೊದಲು ಎದ್ದೆ. ಹನಿ ಹಾಕಿ ನೋಡಿದೆ, ಬ್ಯಾರಲ್ಲಿನ ನೀರು ತಿಳಿಯಾಗಿತ್ತು. ಅದಕ್ಕೂ ತೊಟ್ಟಿಗೂ ಹೊರಗಡೆ ಅರಿಷಿಣ ಕುಂಕುಮ ಹಚ್ಚಿ, ಹಿಂಡಲಿಕಾಯಿ ಬಳ್ಳಿ ಸುತ್ತಿ, ಊದುಬತ್ತಿ ಬೆಳಗಿದೆ. ಬ್ರಷ್ ಹಿಡಿದು ಬಂದ ಅತ್ತೆ ನಿಂತುಬಿಟ್ಟರು.

“ಪ್ಲಾಸ್ಟಿಕ್ಕಿಗೆ ಪೂಜಿ ಏನು? ಅದೂ ಹಳೀ ನೀರಿಗೆ?”

“ಆಗೇತ್ರಿ ಪೂಜಿ. ಮುಟ್ಟಬ್ಯಾಡ್ರಿ.”

ಅವರು ಬ್ರಷ್ ಕೆಳಗಿಟ್ಟರು. ಪೂಜೆಯಾದ ನೀರನ್ನು ಮುಟ್ಟುವ ಎದೆ ಆ ಮನೆಯಲ್ಲಿ ನನಗೊಬ್ಬಳಿಗೇ ಇದೆ ಎಂಬುದು ಅವರಿಗೂ ಗೊತ್ತಿತ್ತು.