ಉಂಗುರದ ನಡುವಿನ ಚುಕ್ಕಿ

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಲೇತ್ ಓಡಿಸಿ, ಈಗ ಅಲ್ಲೇ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೇನೆ. ನಾನು ಸಹಿ ಹಾಕಿ ಕಳಿಸಿದ ಮಾಲು ವಾಪಸು ಬಂದದ್ದಿಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ.

ಸಂಜೆಯ ಕೆಲಸ ಬೇರೆ. ಕುಂಬಾರಕೊಪ್ಪಲಿನ ನಮ್ಮ ತಾರಸಿಯಲ್ಲಿ ಆರಿಂಚು ಅಗಲದ ಕನ್ನಡಿಯ ದೂರದರ್ಶಕ ಇಟ್ಟು, ಕಂಡ ನೀಹಾರಿಕೆ, ನಕ್ಷತ್ರಗುಚ್ಛಗಳನ್ನು ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಕತ್ತಲಲ್ಲಿ ಕಣ್ಣಳತೆಯಿಂದ ಬರೆದರೆ ನಕ್ಷತ್ರಗಳ ಜಾಗ ತಪ್ಪುತ್ತದೆ. ಅದಕ್ಕೇ ಮೊದಲು ಲ್ಯಾಪ್‌ಟಾಪ್‌ನಲ್ಲಿ ನಕ್ಷತ್ರ ನಕ್ಷೆಯ ಸಾಫ್ಟ್‌ವೇರ್ ತೆರೆದು, ಊರು, ತಾರೀಕು, ಗಂಟೆ ಕೊಟ್ಟು, ನನ್ನ ದೂರದರ್ಶಕದಲ್ಲಿ ಕಾಣುವ ಹಾಗೆ ಚಿತ್ರವನ್ನು ತಲೆಕೆಳಗು ಮಾಡಿ, ಚುಕ್ಕಿಗಳನ್ನು ಹಾಳೆಗೆ ತೆಳುವಾಗಿ ಇಳಿಸಿಕೊಳ್ಳುತ್ತೇನೆ. ಮೇಲೆ ಹೋಗಿ ಒಂದೊಂದನ್ನೇ ತಾಳೆ ನೋಡುವುದು. ಕಂಡದ್ದನ್ನು ಗಟ್ಟಿ ಮಾಡುವುದು, ಕಾಣದ್ದನ್ನು ಅಳಿಸುವುದು. ಮಂಜಿನಂಥ ಭಾಗವನ್ನು ಮಾತ್ರ ಅಲ್ಲೇ ಬರೆದು ಹೂಬತ್ತಿಯಿಂದ ತೀಡುತ್ತೇನೆ.

"ದೇವ್ರ ದೀಪಕ್ಕೆ ಅಂತ ಹೊಸ್ದಿಟ್ರೆ ಮಸಿ ಬಳ್ಕೊಂಡು ಕೂತಿದ್ದೀರಲ್ರೀ" ಎಂದು ನನ್ನ ಹೆಂಡತಿ ಅನ್ನುತ್ತಿರುತ್ತಾಳೆ. ಆದರೂ ಬತ್ತಿಯ ಡಬ್ಬಿ ಬಚ್ಚಿಟ್ಟಿಲ್ಲ.

ದಸರಾ ದೀಪಗಳನ್ನು ಬಿಚ್ಚಿದ ಮೇಲಿನ ಒಂದು ಸಂಜೆ, ಅಭಿಜಿತ್ ನಕ್ಷತ್ರದ ಹತ್ತಿರ ಇರುವ ಉಂಗುರ ನೀಹಾರಿಕೆಯನ್ನು ಬರೆದೆ. ಹೊಗೆಯ ಬಳೆಯಂಥದ್ದು. ನಕ್ಷೆಯಲ್ಲಿ ಅದರ ನಟ್ಟನಡುವೆ ಒಂದು ಚುಕ್ಕಿ ಇತ್ತು. ಕಣ್ಣಿಗೆ ಕಾಣಲಿಲ್ಲ. ಅಳಿಸಲು ರಬ್ಬರ್ ತೆಗೆದೆ. ಆದರೆ ವೃತ್ತ ಎಳೆಯುವ ಮೊದಲು ನಡುವಿಗೆ ಸೆಂಟರ್ ಪಂಚ್‌ನಿಂದ ಗುಳಿ ಹೊಡೆದು ಪಳಗಿದ ಕೈ ಇದು. ನಡು ಇಲ್ಲದ ಉಂಗುರ ಅರೆಕೆಲಸದಂತೆ ಕಂಡಿತು. ಪೆನ್ಸಿಲ್ ಒತ್ತಿ ಚುಕ್ಕಿಯನ್ನು ಗಟ್ಟಿ ಮಾಡಿಬಿಟ್ಟೆ.

ನಮ್ಮ ಆಕಾಶ ನೋಡುವವರ ಗುಂಪು ಚಿತ್ರಗಳ ಪ್ರದರ್ಶನ ಇಡುವುದಿತ್ತು. ಗುಂಪಿನಲ್ಲಿ ಡಿಗ್ರಿ ಇಲ್ಲದವನು ನಾನೊಬ್ಬನೇ. ನಿವೃತ್ತ ಫಿಸಿಕ್ಸ್ ಮೇಷ್ಟ್ರೊಬ್ಬರು ನನ್ನ ಹಾಳೆಯನ್ನು ಕಣ್ಣ ಹತ್ತಿರ ಹಿಡಿದರು.

"ನಡುವಿನ ಚುಕ್ಕೀನೂ ಸಿಕ್ತೇನ್ರೀ, ಆರಿಂಚಲ್ಲಿ? ಇಷ್ಟ್ ವರ್ಷದಲ್ಲಿ ನಂಗೆ ಒಂದ್ಸಲಾನೂ ಕಂಡಿಲ್ಲ ಕಣ್ರೀ! ಭಾನುವಾರ ನಿಮ್ಮನೆಗೇ ಬರ್ತೀನಿ, ತೋರಿಸ್ಬೇಕು."

ಎಲ್ಲರೂ ನನ್ನ ಕಡೆ ತಿರುಗಿದರು. ಹಾಗೆ ಅವರು ನನ್ನನ್ನು ನೋಡಿದ್ದು ಅದೇ ಮೊದಲು. "ಬನ್ನಿ ಸಾರ್" ಎಂದುಬಿಟ್ಟೆ.

ಅಲ್ಲಿಂದ ದಿನಾ ಸಂಜೆ ತಾರಸಿ ಹತ್ತಿದೆ. ಬೀದಿ ದೀಪದ ಬೆಳಕು ಕಣ್ಣಿಗೆ ಬೀಳದಂತೆ ತಲೆಯ ಮೇಲೆ ಟವೆಲ್ ಮುಚ್ಚಿಕೊಂಡು ನೋಡಿದೆ. ಚುಕ್ಕಿ ಕಾಣಲಿಲ್ಲ.

ಶುಕ್ರವಾರ ಕಾರ್ಖಾನೆಯಲ್ಲಿ ಒಬ್ಬ ಆಪರೇಟರ್ ರಿಪೋರ್ಟ್ ತಂದ. ಹತ್ತು ಪೀಸಿಗೂ ಒಂದೇ ಅಳತೆ, ಡ್ರಾಯಿಂಗ್‌ನಲ್ಲಿ ಇದ್ದದ್ದೇ. ಮೈಕ್ರೋಮೀಟರ್ ಮುಟ್ಟದೆ ತುಂಬಿಸಿದ್ದು ಗೊತ್ತಾಗುತ್ತಿತ್ತು. ಇಂಥ ಕಾಗದವನ್ನು ನಾನು ಎಲ್ಲರೆದುರೇ ಹರಿದು ಹಾಕುವವನು. ಅವತ್ತು ಕೈ ಬರಲಿಲ್ಲ.

"ಅಳ್ದು ಬರ್ಕೊಂಡು ಬಾ ಹೋಗು" ಎಂದೆ.

"ಯಾಕಣ್ಣಾ, ಬೈಯೋದೇ ಬುಟ್ಬುಟ್ರಾ?" ಎಂದು ನಕ್ಕ.

ಭಾನುವಾರ ಮೇಷ್ಟ್ರು ಏದುಸಿರು ಬಿಡುತ್ತ ಮೇಲೆ ಬಂದರು. ಅವರು ಕೂರುವ ಮೊದಲೇ ಹೇಳಿದೆ: "ಸಾರ್, ಆ ಚುಕ್ಕಿ ನಾನು ನೋಡಿಲ್ಲ. ನಕ್ಷೇಲಿತ್ತು, ಇಟ್ಬುಟ್ಟೆ."

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. "ಎರಡ್ ಮಹಡಿ ಹತ್ಸಿ ಹೇಳ್ತೀರಲ್ರೀ! ಉಂಗುರಾನಾದ್ರೂ ಇದ್ಯೋ ಇಲ್ವೋ?"

"ಅದಿದೆ ಸಾರ್."

ದೂರದರ್ಶಕಕ್ಕೆ ಕಣ್ಣಿಟ್ಟು ನೋಡಿದರು. ನಾನು ಅವರೆದುರೇ ಚುಕ್ಕಿಯನ್ನು ಅಳಿಸಿದೆ. ಸೀಸ ಹೋಯಿತು, ಒತ್ತಿದ ಗುಳಿ ಉಳಿಯಿತು. ಆ ಹಾಳೆ ರಿಜೆಕ್ಟ್.

ಸಾಫ್ಟ್‌ವೇರ್‌ನಲ್ಲಿ ನನ್ನ ದೂರದರ್ಶಕಕ್ಕೆ ಎಟುಕದಷ್ಟು ಮಸುಕಾದ ಚುಕ್ಕಿಗಳು ಬರದಂತೆ ಮಿತಿ ಇಳಿಸಿ, ಹೊಸ ಹಾಳೆಯಲ್ಲಿ ಮೊದಲಿಂದ ಬರೆದೆ. ಪ್ರದರ್ಶನಕ್ಕೆ ಅದೇ ಹೋಯಿತು. ಕೆಳಗೆ ಊರು, ಗಂಟೆ, ದೂರದರ್ಶಕದ ಅಳತೆ ಬರೆದು, "ನಡುವಿನ ನಕ್ಷತ್ರ ಕಂಡಿಲ್ಲ" ಎಂದು ಸೇರಿಸಿ, ಕಾರ್ಖಾನೆಯಲ್ಲಿ ಹಾಕುವ ಸಹಿಯನ್ನೇ ಹಾಕಿದೆ.