ಅಫ್ಸರನ ದೋಣಿಯ ಏರಿಯಲ್

ಆಯುಧಪೂಜೆಗೆ ಮಾಲೂರಿನ ನಮ್ಮ ಬೀದಿಯಲ್ಲಿ ಸೈಕಲ್ಲು, ಹೊಲಿಗೆ ಮಷೀನು, ಈಳಿಗೆಮಣೆ ಎಲ್ಲಕ್ಕೂ ಕುಂಕುಮ ಬೀಳುತ್ತಿದ್ದ ಕಾಲ ಅದು. ಒಡೆದ ಬೂದುಗುಂಬಳದ ಹಸಿ ವಾಸನೆ, ಚೆಂಡುಹೂವಿನ ಘಾಟು, ಜೇಬಿನ ತುಂಬ ಪುರಿಕಡಲೆ. ನಿಮಗೂ ನೆನಪಿರಬಹುದು. ನಾನು ಮಾತ್ರ ಇಂದಿಗೂ ಮನೆಗೆ ಚೆಂಡುಹೂವು ತರುವುದಿಲ್ಲ.

ಅಫ್ಸರ್ ನನ್ನ ಜೊತೆ ಹೈಸ್ಕೂಲಿನಲ್ಲಿದ್ದ. ಅವನ ತಂದೆ ರೇಡಿಯೊ ರಿಪೇರಿ ಮಾಡುತ್ತಿದ್ದರು. ದಡದಲ್ಲಿ ನಿಂತು ಗುಂಡಿ ಒತ್ತಿದರೆ ನೀರಿನಲ್ಲಿ ತಿರುಗುವ ಮರದ ದೋಣಿಯೊಂದನ್ನು ತಂದೆ ಮಗ ಸೇರಿ ಮಾಡಿದ್ದರು. ಅದರ ಏರಿಯಲ್ ತಂತಿ ಪುಟ್ಟ ಕಂಬದ ತುದಿಯಿಂದ ಹಿಂದಕ್ಕೆ ಬಾಲದಂತೆ ಚಾಚಿಕೊಂಡಿತ್ತು.

"ಇದನ್ನ ಸುತ್ತಬಾರದು ಕಣೋ," ಎಂದಿದ್ದ ಅಫ್ಸರ್. "ಸುತ್ತಿದ್ರೆ ದೂರ ಹೋದ್ಮೇಲೆ ನಮ್ಮ ಮಾತು ಕೇಳಲ್ಲ."

ಹಬ್ಬದ ದಿನ ದೋಣಿಯನ್ನು ನಮ್ಮ ಮನೆಗೆ ಪೂಜೆಗೆ ತಂದ.

"ಏಮ್ರಾ ಅಫ್ಸರ್, ನಿನ್ನ ದೋಣಿಗೂ ದೃಷ್ಟಿ ತೆಗೀಲಾ?" ಎಂದು ಅಮ್ಮ ನಕ್ಕಳು.

ಅವನು ಒಳಗೆ ಒಬ್ಬಟ್ಟು ತಿನ್ನುತ್ತಿದ್ದಾಗ ನಾನು ತಂತಿಯನ್ನು ಕಂಬಕ್ಕೆ ಬಿಗಿಯಾಗಿ ಸುತ್ತಿ, ಮೇಲೆ ಜರಿ ಕಾಗದ ಅಂಟಿಸಿ, ಬಾಲದ ಜಾಗಕ್ಕೆ ಜರಿಯ ಪಟ್ಟಿ ಬಿಟ್ಟೆ. ಚೆಂದ ಕಾಣಲಿ ಎಂದು. ಅವನ ದೋಣಿಯಲ್ಲಿ ನನ್ನದೂ ಏನಾದರೂ ಇರಲಿ ಎಂದು.

"ಏನ್ಲಾ, ಮದುವೆ ಗಂಡು ಥರ ಮಾಡಿದ್ದೀಯ," ಎಂದು ನಕ್ಕ. ಆಮೇಲೆ ಕೇಳಿದ, "ತಂತಿ ಜರಿ ಒಳಗೆ ನೆಟ್ಟಗಿದೆ ತಾನೆ?"

"ಹ್ಞೂಂ ಕಣೋ," ಎಂದೆ.

ಆ ಸಂಜೆ ಊರ ಕೆರೆಯಲ್ಲಿ ಬಿಟ್ಟಾಗ, ದಡದ ಹತ್ತಿರ ದೋಣಿ ಹೇಳಿದಂತೆ ತಿರುಗಿತು. ದೂರ ಹೋದ ಮೇಲೆ ತಿರುಗಲಿಲ್ಲ. ಅಫ್ಸರ್ ಗುಂಡಿ ಒತ್ತಿ ಒತ್ತಿ ನೋಡಿದ.

"ನಮ್ಮ ಅಬ್ಬಾ ನನ್ನ ಸಾಯಿಸ್ತಾರೆ," ಎಂದು ಅಂಗಿ ಬಿಚ್ಚಿದ.

ತಪ್ಪು ನನ್ನದು, ನಿಮ್ಮಪ್ಪನಿಗೆ ನಾನೇ ಹೇಳುತ್ತೇನೆ ಎಂದಿದ್ದರೆ ಅವನು ನಿಲ್ಲುತ್ತಿದ್ದ. ನಾನು ಅವನ ಅಂಗಿ ಹಿಡಿದುಕೊಂಡು ನಿಂತೆ. ಹೆಂಚಿನ ಕಾರ್ಖಾನೆಗೆ ಜೇಡಿಮಣ್ಣು ತೆಗೆದ ಗುಂಡಿಗಳು ಆ ಮಳೆಗಾಲದ ನೀರಿನಡಿ ಮುಚ್ಚಿಹೋಗಿದ್ದವು. ಸೊಂಟದ ನೀರಿನಲ್ಲಿ ನಡೆಯುತ್ತಿದ್ದವನು ಮುಂದಿನ ಹೆಜ್ಜೆಗೆ ಕಾಣದಾದ. ಕೂಗಿಕೊಂಡೆ. ಜನ ಬಂದು ಎತ್ತುವಷ್ಟರಲ್ಲಿ ಮುಗಿದಿತ್ತು. ದೋಣಿ ಮಾತ್ರ ಆಚೆಯ ಜೊಂಡಿಗೆ ಸಿಕ್ಕಿಕೊಂಡು ಗುಂಯ್ ಎನ್ನುತ್ತಿತ್ತು. ಕಣ್ಣು ಮುಚ್ಚಿದರೆ ಆ ಸದ್ದು ಈಗಲೂ ಇದೆ.

ಅವನ ತಾಯಿಯನ್ನು ನಾನು ಖಾಲಾ ಎನ್ನುತ್ತಿದ್ದೆ. ಅವನು ಹೋದ ಮೇಲೂ ಪ್ರತಿ ರಂಜಾನಿಗೆ ಕರೆದು ಶಾವಿಗೆ ಪಾಯಸ ಕೊಡುತ್ತಿದ್ದರು.

"ನೀನು ಬೇಡ ಅಂದಿರ್ತೀಯ ಬೇಟಾ. ಅವನೇ ಕೇಳಿರಲ್ಲ," ಎನ್ನುತ್ತಿದ್ದರು.

ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಹೋಗುತ್ತಿದ್ದೆ. ತಲೆ ತಗ್ಗಿಸಿ ತಿಂದು, ಬಟ್ಟಲು ತೊಳೆದಿಟ್ಟು ಬರುತ್ತಿದ್ದೆ.

ಹೆಂಚಿನ ಕಾರ್ಖಾನೆಗಳು ಮುಚ್ಚಿದವು, ಕೆರೆಯಲ್ಲಿ ಮೊದಲಿನ ನೀರಿಲ್ಲ. ಅದಕ್ಕೆಲ್ಲ ನನಗೆ ಅಷ್ಟು ಸಂಕಟವಿಲ್ಲ. ಅಫ್ಸರನ ತಂದೆ ಮೊದಲೇ ಹೋಗಿದ್ದರು; ಹೋದ ವರ್ಷ ಖಾಲಾ ತೀರಿಕೊಂಡರು. ಮಗನೇ ಮಾತು ಕೇಳಲಿಲ್ಲ ಎಂದು ನಂಬಿಕೊಂಡೇ ಹೋದರು. ಅವರಿರುವ ತನಕ ನಿಜ ಹೇಳಲು ನನಗೊಂದು ಮನೆಯಿತ್ತು.