ತೊಳೆಯಬಾರದ ಟ್ಯಾಂಕ್

2019ರ ಮೇ ತಿಂಗಳ ಕೊನೆ. ಪುತ್ತೂರಿನ ನನ್ನ ಲೇತ್ ವರ್ಕ್‌ಶಾಪಿಗೆ ವರ್ಷದಲ್ಲೇ ಹೆಚ್ಚು ಕೆಲಸ ಬರುವ ಸಮಯ ಅದು. ಮಳೆ ಹಿಡಿಯುವ ಮೊದಲು ಅಡಿಕೆ ಮರಗಳಿಗೆ ಕೊಳೆರೋಗದ ಮದ್ದು ಬಿಡಬೇಕು. ಮದ್ದು ಎಂದರೆ ಮೈಲುತುತ್ತು ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ. ಅದನ್ನು ಸಿಂಪಡಿಸುವ ಪಂಪಿನ ಪಿಸ್ಟನ್, ಕೈಯಲ್ಲಿ ಹಿಡಿಯುವ ಗನ್, ಅದರ ತುದಿಯ ನಾಝಲ್, ಪೈಪುಗಳನ್ನು ಜೋಡಿಸುವ ಕಪ್ಲಿಂಗ್ ಎಲ್ಲವೂ ರಿಪೇರಿಗೆ ನನ್ನಂಥವರ ಬಳಿ ಬರುತ್ತವೆ. ಯಾವ ಕಂಪನಿಯ ಗನ್ ಆದರೂ ಸರಿ, ಥ್ರೆಡ್, ಅಂದರೆ ತಿರುಪಿನ ಸುತ್ತು ನೋಡಿ, ಹಿತ್ತಾಳೆಯಲ್ಲಿ ಒಂದು ಕಪ್ಲಿಂಗ್ ಕಡೆದು ಕೂರಿಸಿಕೊಡುವುದು ನನ್ನ ಕೆಲಸ. ಥ್ರೆಡ್ ಕೂತು, ಸೋರದೆ ನಿಂತರೆ ಕೆಲಸ ಮುಗಿಯಿತು ಎಂದೇ ನಾನು ಆವರೆಗೆ ತಿಳಿದಿದ್ದೆ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವ. ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಅವಳ ಜೊತೆ ಕೂತು ಓದಿ, ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದೆ. ಆ ಖುಷಿಯಲ್ಲಿ ಒಂದು ತಗಡಿನ ಮೇಲೆ ಪೈಂಟಿನಿಂದ ಬರೆದು ಅಂಗಡಿಯ ಗೋಡೆಗೆ ಹೊಡೆದೆ: "ಕೆಲಸ ಮುಗಿದ ಮೇಲೆ ಟ್ಯಾಂಕ್, ಗನ್ ದಿನಾ ತೊಳೆಯಿರಿ. ತೊಳೆಯದೆ ಬಂದು ನನಗೆ ಬೈಯಬೇಡಿ." ಬೋರ್ಡೋ ದ್ರಾವಣ ಒಣಗಿದರೆ ಒಳಗೆ ಸುಣ್ಣ ಕಲ್ಲಿನ ಹಾಗೆ ಕಟ್ಟುತ್ತದೆ. ಹಾಗಾಗಿ ನಮ್ಮ ಕಡೆ ಮದ್ದು ಬಿಡುವವರು ಸಂಜೆ ಹುಣಸೆಹುಳಿ ಕಿವುಚಿದ ನೀರಿನಲ್ಲಿ ಗನ್ ತೊಳೆದು, ನಾಝಲಿಗೆ ಬಾಯಿಟ್ಟು ಊದಿ, ತೂತು ತೆರೆದಿದೆಯೇ ನೋಡಿ ಮನೆಗೆ ಹೋಗುತ್ತಾರೆ.

ಆ ಬೋರ್ಡಿನ ಮಾತನ್ನು ಅಕ್ಷರಶಃ ಪಾಲಿಸುತ್ತಿದ್ದವರು ಅಬ್ಬಾಸ್. ಕಡಬ ತಾಲೂಕಿನ ಇಚಿಲಂಪಾಡಿಯವರು, ನನ್ನದೇ ಪ್ರಾಯ. ನಾಲ್ಕೈದು ಜನರ ತಂಡ ಕಟ್ಟಿಕೊಂಡು ಸುಳ್ಯ, ಜಾಲ್ಸೂರು, ಕಲ್ಲುಗುಂಡಿವರೆಗೂ ಮದ್ದು ಬಿಡಲು ಹೋಗುತ್ತಿದ್ದರು. ತಂಡದಲ್ಲಿ ಎಷ್ಟು ಜನ ಇದ್ದರೂ ಮರ ಹತ್ತುವುದು ಅವರೇ. ಒಂದು ಮರ ಹತ್ತಿದರೆ ಅಲ್ಲಿಂದಲೇ ಪಕ್ಕದ ಮರಕ್ಕೆ ದಾಟಿ, ಸಾಲು ಮುಗಿಸಿ ಇಳಿಯುವ ಕೆಲಸ. ಅದಕ್ಕೆ ಬೇಕಾದದ್ದು ಉಸಿರು.

ಆ ಉಸಿರೇ ಕೈಕೊಡಲು ಶುರುವಾಗಿತ್ತು. ಅಬ್ಬಾಸ್ ಹುಡುಗನಿದ್ದಾಗಿನಿಂದ ಬೀಡಿ ಸೇದುವವರು. ಅವರ ಹೆಂಡತಿ ನೆಬಿಸ ಮನೆಯಲ್ಲಿ ಬೀಡಿ ಕಟ್ಟಿ ಕಂಪನಿಯ ಬ್ರಾಂಚಿಗೆ ಕೊಡುವವರು. ಪುತ್ತೂರಿನ ಡಾಕ್ಟರು ಕೇಳಿದರಂತೆ: "ಮರ ಹತ್ತುದಾ, ಬೀಡಿ ಸೇದುದಾ? ಎರಡೂ ಆಗುದಿಲ್ಲ. ಒಂದನ್ನು ಇಟ್ಕೊಳ್ಳಿ."

"ನಾನು ಕಟ್ಟಿದ ಬೀಡಿ ಯಾರ್ಯಾರ ಮನೆಗೆ ಹೋಗ್ತದೋ ಗೊತ್ತಿಲ್ಲ," ಎಂದು ನೆಬಿಸ ಒಮ್ಮೆ ನನ್ನ ಹೆಂಡತಿಯ ಹತ್ತಿರ ಹೇಳಿದ್ದರು. "ನನ್ನ ಮನೇಲಿ ಮಾತ್ರ ಉರಿಯುದು ಬೇಡ ಅಂತ ಉಂಟು. ಮೊರದಲ್ಲಿ ಕಣ್ಣೆದುರೇ ಇರ್ತದಲ್ಲ, ಬಿಡುದು ಹೇಗೆ ಅವರು?"

ಆಗ ಶಾರ್ಜಾದಿಂದ ರಜೆಯಲ್ಲಿ ಬಂದವನು ನೆಬಿಸರ ತಮ್ಮ ಹನೀಫ್. ಅಲ್ಲಿನ ರೂಮಿನವರು ಸಿಗರೇಟ್ ಬಿಟ್ಟು ಎಲೆಕ್ಟ್ರಾನಿಕ್ ಸಿಗರೇಟಿಗೆ ಬಂದದ್ದನ್ನು ನೋಡಿ, ಭಾವನಿಗೆಂದು ಒಂದನ್ನು ತಂದಿದ್ದ. ಪೆನ್ನಿನಷ್ಟು ಸಪೂರದ ಬ್ಯಾಟರಿ, ಅದರ ಮೇಲೆ ದ್ರವ ತುಂಬಿದ, ಮುಗಿದರೆ ಬಿಸಾಡುವ ಒಂದು ಸಣ್ಣ ಕೊಳವೆ. ಒಳಗೆ ಒಂದು ಕಾಯಿಲ್, ಅಂದರೆ ಹತ್ತಿ ಸುತ್ತಿದ ಬಿಸಿಯಾಗುವ ತಂತಿ. ಗುಂಡಿ ಒತ್ತಿ ಎಳೆದರೆ ದ್ರವ ಆವಿಯಾಗಿ ಬಾಯಿಗೆ ಬರುತ್ತದೆ. ಕೊಳವೆ ಮುಗಿದ ಮೇಲೆ, ಪುನಃ ಪುನಃ ತುಂಬಿಸಬಹುದಾದ ಟ್ಯಾಂಕ್ ಬೇಕಲ್ಲ? ಯಾವುದು ಹೊಂದುತ್ತದೆ ಎಂದು ಹನೀಫನಿಗೂ ಗೊತ್ತಿರಲಿಲ್ಲ. ಯಾವುದಾದರೂ ಒಂದು ಕೂತೀತೆಂದು ಮೂರು ಬಗೆಯದ್ದು ತಂದಿದ್ದ. ಅಬ್ಬಾಸ್ ಮೂರನ್ನೂ ಟವೆಲಿನಲ್ಲಿ ಕಟ್ಟಿಕೊಂಡು, ಹನೀಫನನ್ನೂ ಕರೆದುಕೊಂಡು ಬಂದು, ಪಂಪಿನ ಪಿಸ್ಟನ್ ಜೊತೆಗೆ ನನ್ನ ಮೇಜಿನ ಮೇಲೆ ಇಟ್ಟರು.

"ಡಾಕ್ಟರಿಗೆ ತೋರಿಸಿದ್ರಾ?" ಎಂದೆ.

"ತೋರಿಸಿದೆ. ಇದು ಮದ್ದಲ್ಲ, ಇದರಲ್ಲೂ ನಿಕೋಟಿನ್ ಉಂಟು, ಎರಡೂ ಬಿಡುದೇ ಒಳ್ಳೇದು ಅಂದ್ರು. ಎರಡೂ ಬಿಡ್ಲಿಕ್ಕೆ ನಾನು ಔಲಿಯಾ ಅಲ್ಲ, ಸಂತ ಅಲ್ಲ ಮಾರಾಯ. ಮೊದ್ಲು ಬೀಡಿ ಹೋಗ್ಲಿ. ಇದನ್ನು ಆಮೇಲೆ ನೋಡುವ."

ನಾನು ಅಳೆಯಲು ವರ್ನಿಯರ್ ತೆಗೆದೆ. ಬ್ಯಾಟರಿಯ ತಲೆಯಲ್ಲಿದ್ದ ಥ್ರೆಡ್ ಏಳು ಮಿಲಿಮೀಟರ್, ಒಂದು ಸುತ್ತಿಗೆ ಅರ್ಧ ಮಿಲಿಮೀಟರ್. ಇದಕ್ಕೆ ಆ ವ್ಯಾಪಾರದಲ್ಲಿ 510 ಥ್ರೆಡ್ ಎನ್ನುತ್ತಾರೆಂದು ಹನೀಫ್ ಹೇಳಿದ. ಮೊದಲನೇ ಟ್ಯಾಂಕಿನ ಥ್ರೆಡ್ಡೇ ಬೇರೆ. ಎರಡನೆಯದು ಕೂತಿತು. ದೊಡ್ಡ ಗಾಜಿನ ಟ್ಯಾಂಕ್, ನಾಲ್ಕು ಮಿಲಿಲೀಟರ್ ಹಿಡಿಯುವಂಥದ್ದು. ಮೂರನೆಯದೂ ಕೂತಿತು. ಸಣ್ಣದು, ಎರಡೇ ಮಿಲಿಲೀಟರ್. ಅದರ ಜೊತೆ ಐದು ಕಾಯಿಲ್ ಇದ್ದವು.

ಅಬ್ಬಾಸ್ ದೊಡ್ಡದನ್ನು ಕೈಗೆತ್ತಿಕೊಂಡರು. "ಇದೇ ಸಾಕು. ಬೆಳಿಗ್ಗೆ ತುಂಬಿಸಿದ್ರೆ ಸಂಜೆವರೆಗೆ ಬರ್ತದೆ. ಆ ಸಣ್ಣದ್ದು ನೋಡಿ, ಕಿವಿಗೆ ಬಿಡುವ ಮದ್ದಿನ ಬಾಟ್ಲಿ ಹಾಗೆ."

ಪಂಪಿನದ್ದಾದರೆ ನಾನೂ ಹೂಂ ಅನ್ನುತ್ತಿದ್ದೆ. ಆದರೆ ಇದು ಕರೆಂಟಿನ ವಿಷಯ. ಮಲ್ಟಿಮೀಟರ್ ಹಿಡಿದು ಎರಡೂ ಕಾಯಿಲ್‌ಗಳ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಎಷ್ಟು ತಡೆ ಕೊಡುತ್ತವೆ ಎಂದು ನೋಡಿದೆ. ದೊಡ್ಡದರದ್ದು 0.3 ಓಮ್, ಸಣ್ಣದರದ್ದು 1.6. ಬ್ಯಾಟರಿಯ ಮೈಮೇಲೆ ಕನಿಷ್ಠ 1.0 ಓಮ್ ಎಂದು ಸಣ್ಣ ಅಕ್ಷರದಲ್ಲಿತ್ತು. ಲೆಕ್ಕ ಹಾಕಿದರೆ ಸಣ್ಣ ಟ್ಯಾಂಕ್ ಎರಡು ಆಂಪಿಯರಿಗಿಂತ ಸ್ವಲ್ಪ ಹೆಚ್ಚು ಎಳೆಯುತ್ತದೆ, ದೊಡ್ಡದು ಹನ್ನೆರಡು.

"ಒಂದು ಗನ್ನಿನ ಪಂಪಿಗೆ ಐದು ಗನ್ ಸಿಕ್ಕಿಸಿದ್ರೆ ಎಂತ ಆಗ್ತದೆ?" ಎಂದು ಕೇಳಿದೆ.

"ಪಂಪು ಕೂಗ್ತದೆ. ಮರದಲ್ಲಿದ್ದವ ನಿಮ್ಮನ್ನು ಬೈತಾನೆ."

"ಇಲ್ಲಿ ಬ್ಯಾಟರಿ ಬಿಸಿಯಾಗ್ತದೆ. ಬೈಲಿಕ್ಕೂ ಯಾರೂ ಇರುದಿಲ್ಲ."

ಹನೀಫ್ ಶಾರ್ಜಾದ ಅಂಗಡಿಗೆ ಫೋನ್ ಹಚ್ಚಿ ಕೇಳಿದ. ಅಲ್ಲಿಯವರೂ ಸಣ್ಣದನ್ನೇ ಹೇಳಿದರು. ದೊಡ್ಡದು ಹೊಗೆಯನ್ನು ನೇರ ಎದೆಗೆ ಎಳೆಯುವವರಿಗೆ, ಬೀಡಿಯವರು ಮೊದಲು ಬಾಯಿಗೆ ಎಳೆಯುವವರು. ಅವನು ತಂದ ದ್ರವವೂ ತೆಳ್ಳಗಿನದ್ದು, ದೊಡ್ಡ ಟ್ಯಾಂಕಿನ ಅಗಲ ತೂತುಗಳಲ್ಲಿ ಸೋರುತ್ತದೆ. ಹೊಸಬರು ಥ್ರೆಡ್, ಓಮ್, ದ್ರವ ಮೂರೂ ಹೊಂದುವಂಥದ್ದನ್ನೇ ತಗೊಳ್ಳಬೇಕು. ಒಂದು ಕಾಯಿಲ್ ಮೂರು ನಾಲ್ಕು ವಾರ ಬರುತ್ತದೆ. ಐದು ಕಾಯಿಲ್ ಅಂದರೆ ಮಳೆಗಾಲ ಪೂರ್ತಿ.

ಅಬ್ಬಾಸ್ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ದೊಡ್ಡದನ್ನು ಬಿಸಾಡಲು ಕೊಡಲಿಲ್ಲ. "ಇರ್ಲಿ, ಚಂದ ಉಂಟು," ಎಂದು ಟವೆಲಿನಲ್ಲಿ ಕಟ್ಟಿಕೊಂಡರು. ಹನೀಫ್ ರಜೆ ಮುಗಿಸಿ ಹೋದ.

ಜೂನಿನ ಮೊದಲ ಸುತ್ತಿನ ಮದ್ದಿಗೆ ಅಬ್ಬಾಸ್ ಬೀಡಿ ಇಲ್ಲದೆ ಹೋದರು. ತಂಡದವರು "ಅಬ್ಬಾಸ್ ಬ್ಯಾರಿ ಪೆನ್ನು ಚೀಪ್ತಾರೆ, ಪರೀಕ್ಷೆ ಉಂಟಾ?" ಎಂದು ತಮಾಷೆ ಮಾಡಿದರಂತೆ. ಕೆಲವು ವಾರ ಕಳೆದು ಅಂಗಡಿಗೆ ಬಂದವರು ನನ್ನ ಎದುರು ಒಂದು ಉದ್ದ ಉಸಿರು ತೆಗೆದು ತೋರಿಸಿದರು. "ಕೇಳಿದ್ರಾ? ಮೊದ್ಲು ಇದರೊಳಗೆ ಬೆಕ್ಕು ಕೂತ ಹಾಗೆ ಶಬ್ದ ಇತ್ತು." ನೆಬಿಸ ಮನೆಯ ಪತ್ರೊಡೆ ಕಳಿಸಿದ್ದರು. ನನಗೆ ಹೆಮ್ಮೆಯಾಗಿತ್ತು. ಬರುವವರಿಗೆಲ್ಲ ಓಮಿನ ಲೆಕ್ಕ ಹೇಳುತ್ತಿದ್ದೆ.

ಜುಲೈ ಮುಗಿಯುವಾಗ ಅವರು ಪುನಃ ಬಂದರು. ಮುಖ ಸಪ್ಪಗಿತ್ತು. "ಇದು ಕರಟಿದ ವಾಸನೆ ಬರ್ತದೆ ಮಾರಾಯ. ನಾಲ್ಕು ಕಾಯಿಲ್ ಹಾಕಿ ಆಯ್ತು. ಲೊಟ್ಟೆ ಮಾಲು, ಡೂಪ್ಲಿಕೇಟ್ ಕೊಟ್ಟಿದ್ದಾನೆ ಆ ಶಾರ್ಜಾದ ಅಂಗಡಿಯವ."

ಬ್ಯಾಟರಿ ನೋಡಿದೆ, ಸರಿ ಇತ್ತು. ಕಾಯಿಲಿನ ಓಮ್ ನೋಡಿದೆ, ಅದೂ ಸರಿ. ಹತ್ತಿ ಮಾತ್ರ ಕಪ್ಪಾಗಿತ್ತು. ಮೂಗಿನ ಹತ್ತಿರ ಹಿಡಿದಾಗ ನನಗೆ ಪರಿಚಯದ ಒಂದು ವಾಸನೆ ಬಂತು.

"ಇದೆಂತ ಹುಳಿ ವಾಸನೆ?"

"ಹುಣಸೆ ನೀರು," ಎಂದರು ಅಬ್ಬಾಸ್. "ದಿನಾ ಸಂಜೆ ಗನ್ನಿನೊಟ್ಟಿಗೆ ಇದನ್ನೂ ತೊಳಿತೇನೆ. ಒಂದು ದಿನ ತಪ್ಪಿಸಲಿಲ್ಲ." ಹೇಳಿ ಗೋಡೆಯ ಬೋರ್ಡಿನತ್ತ ಗಲ್ಲ ಎತ್ತಿದರು. "ಟ್ಯಾಂಕ್ ಅಂದ್ಮೇಲೆ ಟ್ಯಾಂಕೇ ಅಲ್ಲ?"

ಅಲ್ಲಿಂದಲೇ ಹನೀಫನಿಗೆ ವಾಟ್ಸಾಪ್ ಕರೆ ಮಾಡಿದೆವು. ಅವನು ಆಚೆಯಿಂದ ಕಿರುಚಿದ: "ಕಾಯಿಲ್ ತೊಳಿಯುದಾ? ಹತ್ತಿ ಅದು, ಭಾವ! ನೀರು ಕುಡಿದ್ರೆ ಮತ್ತೆ ದ್ರವ ಕುಡಿಯುದಿಲ್ಲ, ಒಣಗಿ ಕರಟ್ತದೆ. ಹುಣಸೆಹುಳಿ ಯಾರು ಹಾಕ್ಲಿಕ್ಕೆ ಹೇಳಿದ್ದು? ಸಾರು ಮಾಡ್ಲಿಕ್ಕೆ ಉಂಟಾ?"

ಅಬ್ಬಾಸ್ ನಕ್ಕರು. ನಾನೂ ನಕ್ಕೆ. ಆದರೆ ಉಳಿದಿದ್ದದ್ದು ಒಂದೇ ಕಾಯಿಲ್. ಅದನ್ನು ಹಾಕಿ, ದ್ರವ ತುಂಬಿಸಿ, ಹತ್ತಿ ಸರಿಯಾಗಿ ನೆನೆಯಲು ಹತ್ತು ನಿಮಿಷ ಬಿಟ್ಟು ಕೊಟ್ಟೆ. ತೊಳೆಯಬೇಡಿ ಎಂದು ಹತ್ತು ಸಲ ಹೇಳಿದೆ. ಈ ಮಾತು ಮೇ ತಿಂಗಳಲ್ಲೇ ನನ್ನ ಬಾಯಿಯಿಂದ ಬರಬೇಕಿತ್ತು. ಬರಲಿಲ್ಲ ಯಾಕೆಂದರೆ ನಮ್ಮ ಕಸುಬಿನಲ್ಲಿ ಸಂಜೆ ಏನು ಮಾಡಬೇಕೆಂದು ಯಾರಿಗೂ ಹೇಳಬೇಕಾಗಿಲ್ಲ, ಎಲ್ಲರ ಕೈಗೂ ಗೊತ್ತು. ಕೈಗೆ ಗೊತ್ತಿರುವುದೇ ಇಲ್ಲಿ ತೊಂದರೆ ಎಂದು ನನಗೆ ಹೊಳೆದಿರಲಿಲ್ಲ.

ಐದನೇ ಕಾಯಿಲ್ ಸರಿಯಾಗಿಯೇ ನಡೆಯಿತು, ಅಬ್ಬಾಸ್ ಅದನ್ನು ಜೋಪಾನ ಮಾಡಿ ತಿಂಗಳು ದಾಟಿಸಿದರು. ಅದು ಮುಗಿಯುತ್ತಾ ಬಂದಾಗ ಮಂಗಳೂರಿನ ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಅದೇ ಅಳತೆಯದ್ದು ತರಿಸಿ ಕೊಡುತ್ತೇನೆಂದರು. ಅಷ್ಟರಲ್ಲಿ ಸೆಪ್ಟೆಂಬರ್ ಬಂತು. ಕೇಂದ್ರ ಸರ್ಕಾರ ಎಲೆಕ್ಟ್ರಾನಿಕ್ ಸಿಗರೇಟ್ ತಯಾರಿ, ಮಾರಾಟ, ಆಮದು ಎಲ್ಲವನ್ನೂ ನಿಷೇಧಿಸಿತು. ಅಂಗಡಿಯವರು ಫೋನಿನಲ್ಲಿ "ಆ ಹೆಸರೇ ಎತ್ಬೇಡಿ ಅಣ್ಣ" ಎಂದು ಇಟ್ಟರು. ಹನೀಫನೂ ಕಳಿಸಲಾರೆ ಎಂದ. ನಿಷೇಧ ಸರಿಯೋ ತಪ್ಪೋ ಹೇಳುವಷ್ಟು ನಾನು ತಿಳಿದವನಲ್ಲ. ಮಕ್ಕಳ ಕೈಗೆ ಹೋಗಬಾರದು ಎಂಬುದು ನನಗೂ ಸರಿ ಕಂಡಿತು. ಅಬ್ಬಾಸರಿಗೆ ಹೋಗಿ ವಿಷಯ ಹೇಳಿದೆ. "ಡಾಕ್ಟರ ಹತ್ರ ಹೋಗುವ, ಬಿಡ್ಲಿಕ್ಕೆ ಮಾತ್ರೆ ಉಂಟಂತೆ," ಎಂದೂ ಹೇಳಿದೆ. "ಈ ಸುತ್ತು ಮುಗಿಯಲಿ," ಎಂದರು.

ಆ ಸುತ್ತಿನ ಕೊನೆಯ ತೋಟ ಕಲ್ಲುಗುಂಡಿಯಲ್ಲಿ. ರಿಪೇರಿ ಮಾಡಿದ ಪಿಸ್ಟನ್ ಕೊಡಲು ನಾನೇ ಬೈಕಿನಲ್ಲಿ ಹೋಗಿದ್ದೆ. ಚಹಾದ ಹೊತ್ತು. ಅಬ್ಬಾಸ್ ಒಂದು ಕಲ್ಲಿನ ಮೇಲೆ ಕೂತು ಪೆನ್ನಿಗೆ ಏನೋ ತಿರುಗಿಸುತ್ತಿದ್ದರು. ಹತ್ತಿರ ಹೋಗಿ ನೋಡಿದರೆ, ಆ ದೊಡ್ಡ ಗಾಜಿನ ಟ್ಯಾಂಕ್.

"ಅದು ಬೇಡ ಅಬ್ಬಾಸ್."

"ಥ್ರೆಡ್ ಕೂರ್ತದಲ್ಲ ಮಾರಾಯ. ನೀವೇ ಅಲ್ವಾ ಹೇಳುದು, ಥ್ರೆಡ್ ಕೂತ್ರೆ ಮುಗೀತು ಅಂತ?"

ನಾನು ಕೈ ಚಾಚುವ ಮೊದಲೇ ಅವರು ಗುಂಡಿ ಒತ್ತಿ, ಬೀಡಿ ಎಳೆಯುವ ಹಾಗೆ ಗಟ್ಟಿಯಾಗಿ ಎಳೆದರು. ದ್ರವ ಬಿಸಿಯಾಗಿಯೇ ಗಂಟಲಿಗೆ ಹಾರಿತು. ಆ ಕೆಮ್ಮು ನಿಲ್ಲಲು ತುಂಬ ಹೊತ್ತು ಹಿಡಿಯಿತು. ಬ್ಯಾಟರಿ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಿ, ಬೆಳಕು ನಾಲ್ಕು ಸಲ ಮಿನುಗಿ ಆರಿತು. ತಂಡದವರು ಮೊದಲು ನಕ್ಕವರು ಆಮೇಲೆ ನೀರು ತಂದರು. ಕಣ್ಣು ಒರೆಸಿಕೊಂಡು ಅಬ್ಬಾಸ್ ಆ ಪೆನ್ನನ್ನು ಕಲ್ಲಿನ ಮೇಲಿಟ್ಟರು.

"ಇದು ನಮ್ಮಂಥವರಿಗೆ ಆಗುದಲ್ಲ," ಎಂದು, ಪಕ್ಕದಲ್ಲಿದ್ದವನ ಕಡೆ ಕೈ ಚಾಚಿದರು. ಅವನು ಒಂದು ಬೀಡಿ ಕೊಟ್ಟ. ಬೀಡಿಯಿಲ್ಲದೆ ಮೂರೂವರೆ ತಿಂಗಳು ಕಳೆದ ಮನುಷ್ಯ ಅವರು. ಕಡ್ಡಿ ಗೀರಿದ ಮೇಲೆ ನಾನು ಎಂತ ಹೇಳಿಯೂ ಪ್ರಯೋಜನ ಇರಲಿಲ್ಲ.

ಮಾತ್ರೆಗೆಂದು ಡಾಕ್ಟರ ಹತ್ತಿರ ಅವರು ಹೋಗಲಿಲ್ಲ. ಮರುವರ್ಷ ಅರ್ಧ ಮರ ಹತ್ತಿ ಇಳಿದರು. ಅದರ ಮರುವರ್ಷ ಕೆಳಗೆ ನಿಂತು ಪಂಪು ನೋಡಿಕೊಂಡರು. ಈಗ ಮರ ಹತ್ತದೆಯೇ ಮದ್ದು ಬಿಡುವ, ಮರದಷ್ಟೇ ಉದ್ದದ ಕೋಲಿನಂಥ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ಅದಕ್ಕೂ ಕಪ್ಲಿಂಗ್ ಮಾಡಿಕೊಡುವುದು ನಾನೇ. ಆದರೆ ದೋಟಿ ಎತ್ತಿ ನಿಲ್ಲಿಸಲೂ ಎದೆಯಲ್ಲಿ ಗಾಳಿ ಬೇಕು.

ಕಳೆದ ವರ್ಷ ನೆಬಿಸ ಫೋನ್ ಮಾಡಿದರು. ಮನೆಯಲ್ಲಿ ಆಕ್ಸಿಜನ್ ಮಿಷನ್ ಇಟ್ಟಿದ್ದಾರೆ, ಅದರ ನೀರಿನ ಬಾಟಲಿಯ ಮುಚ್ಚಳ ಸೋರುತ್ತದೆ, ಥ್ರೆಡ್ ಕೂರುತ್ತದಾ ನೋಡಬೇಕಂತೆ. ಮಿಷನಿನಿಂದ ಬರುವ ಗಾಳಿ ಆ ನೀರಿನೊಳಗೆ ಹಾದು, ತೇವವಾಗಿ ಮೂಗಿಗೆ ಹೋಗುತ್ತದೆ. ನಾನು ಹೊರಡುವ ಮೊದಲು ಬಾಡಿಗೆಗೆ ಕೊಟ್ಟವರಿಗೆ ಫೋನ್ ಮಾಡಿದೆ. ಯಾವ ಬಾಟಲಿ ಹೊಂದುತ್ತದೆ ಎಂದು ಕೇಳಿ ಅದನ್ನೇ ತಂದೆ. ಫೋನ್ ಇಡುವ ಮೊದಲು ಇನ್ನೊಂದು ಪ್ರಶ್ನೆ ಕೇಳಿದೆ: ಇದನ್ನು ತೊಳೆಯುವುದು ಹೇಗೆ? ಈಗ ನಾನು ಯಾವ ಕೆಲಸಕ್ಕೂ ಆ ಪ್ರಶ್ನೆ ಬಿಡುವುದಿಲ್ಲ. ಒಂದು ವಸ್ತುವನ್ನು ಕೂರಿಸಿ ಕೊಟ್ಟರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಅದು ಯಾರ ಕೈಗೆ ಹೋಗುತ್ತದೆ, ಆ ಕೈಯ ಅಭ್ಯಾಸ ಎಂಥದ್ದು ಎಂದು ತಿಳಿದುಕೊಂಡರೆ ಉಳಿದರ್ಧ. ಇದನ್ನು ಕಲಿಯಲು ನಾನು ಕೊಟ್ಟದ್ದು ನನ್ನದಲ್ಲದ ಉಸಿರನ್ನು.

ಅಬ್ಬಾಸ್ ಮಂಚದ ಮೇಲೆ ಒರಗಿದ್ದರು. ಹೊಸ ಬಾಟಲಿ ನೋಡಿ ಕೇಳಿದರು: "ಇದನ್ನು ತೊಳಿಬೌದಾ ಮಾರಾಯ?"

"ತೊಳಿಲೇಬೇಕು. ದಿನಾ."

ಅವರ ಮುಖ ಅರಳಿತು. "ಹುಣಸೆಹುಳಿ?"

"ಬೇಡ. ಸಾಬೂನು ನೀರು ಸಾಕು. ಮತ್ತೆ ಕುದಿಸಿ ತಣಿಸಿದ ನೀರು ತುಂಬಿಸಿ."

ಮಡಿಲಲ್ಲಿ ಬೇಸಿನ್ ಇಟ್ಟುಕೊಂಡು ಅವರೇ ತೊಳೆದರು. ಸುತ್ತುಗಳ ಸಂದಿಯಲ್ಲೂ ಬೆರಳು ಹಾಕಿ ತೊಳೆದರು. ಆಮೇಲೆ ಹಳೆಯ ಅಭ್ಯಾಸದಂತೆ ಮುಚ್ಚಳದ ಕೊಳವೆಗೆ ಬಾಯಿಟ್ಟು ಊದಿದರು. ಕೊಳವೆಯ ತುದಿಯಲ್ಲಿದ್ದ ನೀರಿನ ಹನಿ ಅಲುಗಲಿಲ್ಲ. ಇನ್ನೊಮ್ಮೆ ಊದಿದರು. ಮತ್ತೆ ಅದನ್ನು ನನ್ನ ಕೈಗೆ ಕೊಟ್ಟರು. ನಾನು ಊದಿದೆ. ಹನಿ ಹಾರಿಹೋಯಿತು.

"ತೂತು ಸರಿ ಉಂಟು," ಎಂದೆ.

ನೆಬಿಸ ಬಾಗಿಲಿನಿಂದ ಗದರಿದರು. "ಇಬ್ಬರೂ ಬಾಯಿ ಹಾಕಿದ್ದಲ್ಲ? ಇನ್ನೊಮ್ಮೆ ತೊಳೀರಿ!"

ಅಬ್ಬಾಸ್ ಮುಚ್ಚಳ ವಾಪಸು ತೆಗೆದುಕೊಂಡು, ಮೊದಲಿನಿಂದ ತೊಳೆಯಲು ಶುರು ಮಾಡಿದರು.